ಪಡಸಾಲೆಯ ಅಂಕಣಗಳು

ಮನೆ ಎಷ್ಟು ದೊಡ್ಡದೆಂದು ಕೇಳಿದರೆ ನಮ್ಮ ಹಿಂದಿನವರು ಅಡಿ ಗಜಗಳ ಲೆಕ್ಕ ಹೇಳುತ್ತಿರಲಿಲ್ಲ. ಐದಂಕಣದ ಮನೆ, ಏಳಂಕಣದ ಮನೆ ಎನ್ನುತ್ತಿದ್ದರು. ಎರಡು ತೊಲೆಗಳ ನಡುವಣ ಎಡೆಯೇ ಅಂಕಣ. ಸೋಲಾಪುರ, ಅಕ್ಕಲಕೋಟೆ, ಜತ್ತಗಳ ಮರಾಠಿಯಲ್ಲಿ ಅದು ಖಣ. ಆದವಾನಿ, ರಾಯದುರ್ಗಗಳ ಕಡೆಯ ತೆಲುಗಿನಲ್ಲಿ ಅಂಕಣಮು. ಪತ್ರಿಕೆಯ ಪುಟದಲ್ಲಿ ಎರಡು ಗೆರೆಗಳ ನಡುವೆ ಅಚ್ಚಾಗುವ ಬರಹಕ್ಕೂ ನಾವು ಅಂಕಣವೆಂದೇ ಹೆಸರಿಟ್ಟಿರುವುದನ್ನು ನೋಡಿದರೆ, ಬಡಗಿಯ ಮಾತು ಸಂಪಾದಕನ ಮೇಜಿನವರೆಗೆ ನಡೆದುಬಂದಿದೆಯೆಂದು ತಿಳಿಯುತ್ತದೆ.

ಶಾಸನಗಳನ್ನೂ ವೀರಗಲ್ಲುಗಳನ್ನೂ ಹುಡುಕಿ ಓದಿದ ಅಧ್ಯಾಪಕ ಬಂಧುಗಳು ಗಡಿನಾಡಿನಲ್ಲಿ ಅನೇಕರಿದ್ದಾರೆ. ಮೂವತ್ತು ನಾಲ್ವತ್ತು ಮಂದಿ ಒಂದೇ ಸೂರಿನಡಿ ಬಾಳಿದ ಮನೆಗಳ ದೊಡ್ಡ ಪಡಸಾಲೆಯನ್ನು ಒಂದು ದಾಖಲೆಯೆಂದು ಓದಿದವರು ವಿರಳ. ಅಲ್ಲಿ ಯಾವ ವಸ್ತು ಎಲ್ಲಿತ್ತು, ಯಾರು ಎಲ್ಲಿ ಕೂಡುತ್ತಿದ್ದರು, ಆ ವಸ್ತುವನ್ನು ಯಾವ ಹೆಸರಿನಿಂದ ಕರೆದರು ಎಂಬ ಮೂರು ಸಂಗತಿಗಳನ್ನು ಜೊತೆಗಿಟ್ಟು ನೋಡಿದರೆ ಗಡಿನಾಡಿನ ಚರಿತ್ರೆಯ ಒಂದು ಮಗ್ಗುಲು ತಾನಾಗಿ ತೆರೆದುಕೊಳ್ಳುತ್ತದೆ.

ಪೀಠೋಪಕರಣಗಳನ್ನು ಹೇಗೆ ಜೋಡಿಸಬೇಕೆಂಬ ಪ್ರಶ್ನೆಯೇ ಆ ಮನೆಗಳಲ್ಲಿ ಹುಟ್ಟುತ್ತಿರಲಿಲ್ಲ. ಜೋಡಣೆಯನ್ನು ಮನೆ ಕಟ್ಟುವಾಗಲೇ ಬಡಗಿಯೂ ಉಪ್ಪಾರನೂ ಮಾಡಿ ಮುಗಿಸಿರುತ್ತಿದ್ದರು. ಸೋಲಾಪುರ ಕಡೆಯ ಒಕ್ಕಲುಮನೆಯನ್ನೇ ತೆಗೆದುಕೊಳ್ಳಬಹುದು. ತಲೆಬಾಗಿಲು ದಾಟಿದೊಡನೆ ತಗ್ಗಿನಲ್ಲಿ ದನಗಳ ನೆಲೆ, ದಂದಕ್ಕಿ. ಗೋಡೆಗೆ ಹೊಂದಿ ಗೋದಲಿ. ಅದಕ್ಕಿಂತ ಎರಡು ಮೂರಡಿ ಮೇಲೆ ಪಡಸಾಲೆ. ಕೂಡುವುದಕ್ಕೆ ಆ ಕಟ್ಟೆಯ ಅಂಚೇ ಪೀಠ. ಗೋಡೆ ಎರಡು ಮೊಳಕ್ಕೂ ಹೆಚ್ಚು ದಪ್ಪ. ಅದರಲ್ಲಿ ಕೊರೆದ ಗೂಡುಗಳೇ ಕಪಾಟು. ದೀಪಕ್ಕೊಂದು, ತಾಂಬೂಲದ ತಟ್ಟೆಗೊಂದು, ಪುರಾಣದ ಪುಸ್ತಕಕ್ಕೊಂದು. ಕಂಬಕ್ಕೂ ಗೋಡೆಗೂ ಬಡಿದ ಗೂಟಗಳಲ್ಲಿ ಹಗ್ಗ, ಬಾರುಕೋಲು, ರುಮಾಲು. ತೊಲೆಯಿಂದ ತೂಗುವ ತೊಟ್ಟಿಲು. ಹಾಸಿಗೆ ಕಂಬಳಿಗಳು ಹಗಲು ಮಡಿಚಿ ಮೂಲೆ ಸೇರುತ್ತಿದ್ದುವು. ರಾತ್ರಿ ಹರಡಿದಾಗ ಅದೇ ಅಂಕಣ ಮಲಗುವ ಕೋಣೆ. ಕಾಳಿನ ಚೀಲಗಳ ಒಟ್ಟಿಲು ಒಂದು ಅಂಕಣವನ್ನು ಹಿಡಿದರೆ ಅದೇ ಅಡ್ಡಗೋಡೆ. ಬೆಳಕು ಮಾಳಿಗೆಯ ಬೆಳಕಿಂಡಿಯಿಂದ ಬೀಳುವುದರಿಂದ ಕಾಳು ಹಸನು ಮಾಡುವ ಹೆಂಗಸರ ಎಡೆಯೂ ಲೆಕ್ಕ ಬರೆಯುವ ಕುಲಕರ್ಣಿಯ ಎಡೆಯೂ ಆ ಬೆಳಕನ್ನೇ ಹಿಂಬಾಲಿಸುತ್ತಿದ್ದುವು. ಕೈಪೆಟ್ಟಿಗೆಯೊಂದನ್ನು ಬಿಟ್ಟರೆ ಎತ್ತಿಡಬಹುದಾದ ಸಾಮಾನು ಬಹಳ ಕಡಮೆ.

ಕಾಸರಗೋಡಿನ ಮಳೆಸೀಮೆಯಲ್ಲಿ ಸಾಮಗ್ರಿ ಬೇರೆ, ತತ್ತ್ವ ಒಂದೇ. ಇಲ್ಲಿ ಮಣ್ಣಿನ ದಪ್ಪಗೋಡೆಯ ಕೆಲಸವನ್ನು ಮರ ಮಾಡುತ್ತದೆ. ಜಗಲಿಯ ಸುತ್ತ ಒರಗಿ ಕೂಡುವಂತೆ ಬಾಗಿದ ಹಲಗೆಗಳ ಆಸನವನ್ನು ಮನೆಯೊಂದಿಗೇ ಸೇರಿಸಿ ಕಟ್ಟುವುದುಂಟು. ಮಲಯಾಳದಲ್ಲಿ ಅದಕ್ಕೆ ಚಾರುಪಡಿ ಎನ್ನುತ್ತಾರೆ. ಭತ್ತದ ಪತ್ತಾಯ ಅಲುಗದ ಪೆಟ್ಟಿಗೆ; ಅದರ ಮುಚ್ಚಳದ ಮೇಲೆ ಹಾಸಿಕೊಂಡು ಮಲಗುತ್ತಿದ್ದರು. ತುಳುನಾಡಿನ ಗುತ್ತಿನ ಮನೆಗಳ ಚಾವಡಿಯಲ್ಲಿ ದೈವಕ್ಕೆಂದು ತೂಗುಮಂಚವಿದೆ, ತುಳುವಿನಲ್ಲಿ ಉಜ್ಜಾಲು. ಇಡೀ ಚಾವಡಿಯಲ್ಲಿ ಅತ್ಯಂತ ಬೆಲೆಬಾಳುವ ಆ ಮಂಚದ ಮೇಲೆ ಮನುಷ್ಯರಾರೂ ಕೂಡುವಂತಿಲ್ಲ. ನೀಲಗಿರಿಯ ಬಡಗರ ಹಟ್ಟಿಗಳಲ್ಲಿ ಮನೆ ಚಿಕ್ಕದು, ಕಟ್ಟು ಮಾತ್ರ ಬಿಗಿ: ಹೊರಕೋಣೆ, ಒಳಕೋಣೆ, ಒಳಗಡೆಯ ಒಂದು ಭಾಗದಲ್ಲಿ ಹಾಲಿನ ಎಡೆ. ಆ ಹಾಲಿನ ಎಡೆಗೆ ಹೆಂಗಸರು ಕಾಲಿಡಬಾರದೆಂಬ ನಿಯಮವಿತ್ತೆಂದು ಎಡ್ಗರ್ ಥರ್ಸ್ಟನ್ನರು 1909ರಲ್ಲಿ ಅಚ್ಚಾದ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ.

ಈ ನಿಯಮಗಳ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಕೂಡುವ ಎಡೆಯನ್ನು ಅಂತಸ್ತಿಗೆ ತಕ್ಕಂತೆ ಹಂಚುವುದು ನಮ್ಮಲ್ಲಿ ಬಹು ಹಳೆಯ ವಿದ್ಯೆ. 1126ರಿಂದ 1138ರವರೆಗೆ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಆಸನಭೋಗ, ಆಸ್ಥಾನಭೋಗ, ಶಯ್ಯಾಭೋಗಗಳೆಂಬ ಪ್ರತ್ಯೇಕ ಪ್ರಕರಣಗಳೇ ಇವೆ. ಈಗಿನ ಸೋಲಾಪುರ, ಅಕ್ಕಲಕೋಟೆಗಳೂ ಅಂದು ಆತನ ಆಳಿಕೆಯ ನೆಲವೇ. ಅರಮನೆಯ ಆಸ್ಥಾನದಲ್ಲಿ ಇದ್ದ ಕ್ರಮದ ಒಂದು ಸಣ್ಣ ಪಡಿಯಚ್ಚು ಗೌಡನ ಪಡಸಾಲೆಯಲ್ಲೂ ಇತ್ತು. ಗೋಡೆಗೆ ಲೋಡು ಆನಿಸಿ ಹಿರಿಯ. ಆತನ ಮಗ್ಗುಲಲ್ಲಿ ಜಮಖಾನದ ಮೇಲೆ ಬೀಗರು. ಕಂಬಳಿಯ ಮೇಲೆ ಊರ ಒಕ್ಕಲಿಗರು. ಕಟ್ಟೆಯ ಅಂಚಿಗೆ ಆಳುಮಕ್ಕಳು. ಹೊಲದಲ್ಲಿ ದುಡಿದು ಆ ಮನೆಯ ಕಣಜ ತುಂಬಿದವರಲ್ಲಿ ಕೆಲವರು ತಲೆಬಾಗಿಲಿನ ಹೊರಗಡೆಯೇ ನಿಲ್ಲಬೇಕಾಗಿತ್ತು. ಹಿರಿಯರು ಕೂತಿರುವಾಗ ಸೊಸೆಯಂದಿರು ಪಡಸಾಲೆಯನ್ನು ದಾಟದೆ ಹಿತ್ತಿಲಿನಿಂದ ಸುತ್ತಿಬರುತ್ತಿದ್ದರು. ದನದ ಸೆಗಣಿ ಒಳಗೆ ಬಾರದಂತೆ ತಡೆದ ಮೆಟ್ಟಲೇ ಮನುಷ್ಯರನ್ನೂ ತಡೆದಿತ್ತು. ಹಳೆಯ ಮನೆಗಳ ಚೆಲುವನ್ನು ಕೊಂಡಾಡುವ ಲೇಖನಗಳು ಈ ಮೆಟ್ಟಲನ್ನು ನೋಡದೆ ಮುಂದೆ ಹೋಗುವುದು ನಮಗೆ ಸರಿಯೆನಿಸದು.

ಇಂಥ ಕೋಣೆಯೊಳಕ್ಕೆ ನಾಲ್ಕು ಕಾಲಿನ ಆಸನ ಬಂದುದು ಮನೆಯ ಅಗತ್ಯದಿಂದಲ್ಲ, ಕಚೇರಿಯಿಂದ. ಜಮಾಬಂದಿಗೆಂದು ಬರುವ ಅಧಿಕಾರಿಗೆ ನೆಲದ ಮೇಲೆ ಕೂಡೆಂದು ಹೇಳಲಾದೀತೆ? ಆತನಿಗಾಗಿ ಒಂದು ಕುರ್ಚಿ. ಮುಂದೆ ಶಾಲೆ ಕಲಿತ ಮಗನಿಗೆ ಇನ್ನೊಂದು. ಆದರೆ ಅದು ಎಲ್ಲ ಗಡಿಗಳಿಗೂ ಒಂದೇ ದಾರಿಯಿಂದ ಬರಲಿಲ್ಲವೆಂಬುದನ್ನು ಅದರ ಹೆಸರುಗಳೇ ಸಾರುತ್ತವೆ. ಕುರ್ಚಿ ಮೂಲತಃ ಅರಬ್ಬಿಯ ಕುರ್ಸಿ. ಪಾರಸಿ ಆಡಳಿತದ ಬೆನ್ನೇರಿ ಮರಾಠಿಗೆ, ತೆಲುಗಿಗೆ, ನಮಗೆ ಬಂದಿತು. ಕಡಲ ದಾರಿಯಿಂದ ಬಂದ ಪೋರ್ಚುಗೀಸರ ಕದೈರ ಎಂಬ ಮಾತು ಗೋವೆಯ ಕೊಂಕಣಿಯಲ್ಲಿ ಕದೇಲ್ ಆಯಿತು, ಮಲಯಾಳದಲ್ಲಿ ಕಸೇರ ಆಯಿತು. ಹೊಸೂರು, ತಾಳವಾಡಿಗಳ ತಮಿಳು ಎರಡನ್ನೂ ಒಲ್ಲದೆ ನಾಲ್ಕು ಕಾಲಿನದೆಂಬ ಅರ್ಥದಲ್ಲಿ ನಾರ್ಕಾಲಿ ಎಂದು ತನ್ನದೇ ಹೆಸರು ಕೊಟ್ಟಿತು. ಅಲಮಾರು ಪೋರ್ಚುಗೀಸರ ಕೊಡುಗೆ. ಕಪಾಟು ಬಾಗಿಲ ಕದವೆಂಬ ಅರ್ಥದ ಸಂಸ್ಕೃತ ಪದ. ಹೀಗಾಗಿ ತಾಳವಾಡಿಯ ಕನ್ನಡ ಬಾಲಕನೂ ಮಂಜೇಶ್ವರದ ಕನ್ನಡ ಬಾಲಕನೂ ಅಕ್ಕಲಕೋಟೆಯವನೂ ಪುಸ್ತಕದಲ್ಲಿ ಕುರ್ಚಿಯೆಂದೇ ಓದಿದರೂ, ಬೀದಿಯಲ್ಲಿ ಅವರ ಕಿವಿಗೆ ಬೀಳುವ ಮಾತುಗಳು ಬೇರೆ ಬೇರೆ ಸಮುದ್ರಗಳಿಂದಲೂ ದರಬಾರುಗಳಿಂದಲೂ ಬಂದವು. ಬಾಲಕನು ಶಬ್ದ ತಪ್ಪಿದನೆಂದು ತಿದ್ದುವ ಮೊದಲು ಅದರ ಊರನ್ನು ಕೇಳಿಕೊಳ್ಳುವುದು ಲೇಸು.

ಸೋಫಾ ಎಂಬ ಮಾತಿನ ಪಯಣ ಇನ್ನೂ ಸ್ವಾರಸ್ಯವಾಗಿದೆ. ಅದರ ಮೂಲ ಅರಬ್ಬಿಯ ಸುಫ್ಫ. ಎಂದರೆ ಎತ್ತರಿಸಿ ಕಟ್ಟಿದ ಜಗಲಿ. ನೆಲಕ್ಕೆ ಅಂಟಿದ್ದ ಜಗಲಿಯೇ ಕಾಲು ಪಡೆದು, ಯುರೋಪನ್ನು ಸುತ್ತಿ, ಮೆತ್ತೆ ಹೊದ್ದು ನಮ್ಮ ಪಡಸಾಲೆಗೆ ಬಂದು ಕೂತಿದೆ. ಮಲಯಾಳದಲ್ಲಿ ಇದೇ ಬದಲಾವಣೆ ಮನೆಯೊಳಗೇ ನಡೆಯಿತು: ಚಾರುಪಡಿಯಲ್ಲಿ ಒರಗುತ್ತಿದ್ದ ಕಾರಣವರು ಚಾರುಕಸೇರಕ್ಕೆ ಬಂದರು. ಯಜಮಾನಿಕೆ ಹಲಗೆಯಿಂದ ಬಟ್ಟೆಗೆ ಬಂದಿತೇ ಹೊರತು ಬೇರೆಯವರಿಗೆ ಹೋಗಲಿಲ್ಲ. ಆದರೂ ಎತ್ತಿ ಬೇರೆಡೆ ಇಡಬಹುದಾದ ಆಸನದಲ್ಲಿ ಒಂದು ಗುಣವುಂಟು. ಕಟ್ಟೆಯ ಎತ್ತರವನ್ನು ಬದಲಿಸಲು ಗೋಡೆ ಕೆಡವಬೇಕು; ಕುರ್ಚಿಗೆ ಒಂದು ಕೈ ಸಾಕು. ಶಾಲೆಯ ಬೆಂಚಿನಲ್ಲಿ ಜೊತೆಗೆ ಕೂತ ಹುಡುಗರು ದೊಡ್ಡವರಾಗಿ ಒಬ್ಬರ ಮನೆಗೊಬ್ಬರು ಬಂದಾಗ, ಎಲ್ಲಿ ಕೂಡಿಸಬೇಕೆಂಬುದನ್ನು ಪಡಸಾಲೆಯ ಮೆಟ್ಟಲು ಹೇಳಲಾರದೆ ಹೋಯಿತು.

ಆ ಹೊತ್ತಿಗೆ ಪಡಸಾಲೆಯೇ ಉಳಿಯದಾಗುತ್ತ ಬಂದಿತ್ತು. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲು ಕೇಳುವ ಹಕ್ಕು ಕೊಟ್ಟಿತು. ಕೇರಳದಲ್ಲಿ ಅವಿಭಕ್ತ ಹಿಂದೂ ಕುಟುಂಬಗಳನ್ನು ರದ್ದುಗೊಳಿಸಿದ 1975ರ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದಿತು. ಹೊಲವನ್ನು ಅಳೆದು ಹಂಚಬಹುದು. ಚಾವಡಿಯನ್ನು ಹಂಚುವುದು ಕಷ್ಟ. ಬಯಲುಸೀಮೆಯಲ್ಲಿ ಅಣ್ಣತಮ್ಮಂದಿರು ಪಾಲಾದ ಮನೆಗಳನ್ನು ನಾವು ಕಂಡಿದ್ದೇವೆ: ಅಂಕಣಗಳ ನಡುವೆ ಗೋಡೆಯೆದ್ದು, ಕೆತ್ತನೆಯ ಕಂಬ ಅರ್ಧ ಈಚೆ ಅರ್ಧ ಆಚೆ ಹೂತುಹೋಗಿರುತ್ತದೆ. ಬೆಳಕಿಂಡಿ ಒಬ್ಬನ ಪಾಲಿಗೆ, ದೇವರ ಗೂಡು ಇನ್ನೊಬ್ಬನ ಪಾಲಿಗೆ. ಗೂಡು ಸಿಕ್ಕದವನು ಪೇಟೆಯಿಂದ ಉಕ್ಕಿನ ಕಪಾಟು ತರುತ್ತಾನೆ. ಸಾಮಾನುಗಳನ್ನು ಜೋಡಿಸುವ ಸಮಸ್ಯೆ ಹುಟ್ಟಿದ್ದು ಇಲ್ಲಿ, ಕೋಣೆ ದೊಡ್ಡದಿದ್ದಾಗ ಅಲ್ಲ.

ಆಮೇಲೆ 1993ರ ಸೆಪ್ಟೆಂಬರ್ 30ರ ನಸುಕು ಬಂದಿತು. ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ, ಕರ್ನಾಟಕದ ಗಡಿಗೆ ಕೂಗಳತೆಯೆನ್ನಬಹುದಾದ ಊರುಗಳಲ್ಲಿ, ಮಲಗಿದ್ದ ಜನರ ಮೇಲೆ ಮನೆಗಳು ಕುಸಿದು ಹತ್ತಿರ ಹತ್ತಿರ 10,000 ಮಂದಿ ಮಡಿದರು. ಕೊಂದದ್ದು ನಾವು ಮೇಲೆ ಬಣ್ಣಿಸಿದ ಆ ದಪ್ಪ ಗೋಡೆಯೇ. ಕೆಸರಿನಲ್ಲಿ ಹುದುಗಿಸಿದ ಗುಂಡುಕಲ್ಲು ಮತ್ತು ಮೇಲಿನ ಮಣ್ಣಿನ ಮಾಳಿಗೆಯ ಭಾರ. ಕಂಬ ತೊಲೆಗಳ ಚೌಕಟ್ಟು ಗಟ್ಟಿಯಾಗಿದ್ದ ಕೆಲವೆಡೆ ಗೋಡೆ ಉರುಳಿಯೂ ಮಾಳಿಗೆ ನಿಂತಿತ್ತು. ಅಂಕಣವನ್ನು ಹೊತ್ತಿದ್ದ ಬಡಗಿಯ ಕೆಲಸ ಉಪ್ಪಾರನ ಕೆಲಸಕ್ಕಿಂತ ಮೇಲಾಗಿತ್ತೆಂಬುದಕ್ಕೆ ಇಷ್ಟು ಕ್ರೂರವಾದ ಸಾಕ್ಷಿ ಬೇಕಿರಲಿಲ್ಲ.

ಸ್ಥಳಾಂತರಿಸಿ ಕಟ್ಟಿದ ಊರುಗಳಲ್ಲಿ ಸರಕಾರವು ಜಮೀನಿನ ಹಿಡುವಳಿಯನ್ನು ನೋಡಿ 250, 400, 750 ಚದರ ಅಡಿಗಳ ಮೂರು ತರಗತಿಯ ಮನೆಗಳನ್ನು ಕೊಟ್ಟಿತು. ಗೋಡೆ ತೆಳ್ಳಗೆ, ಭದ್ರ, ಜೀವಭಯವಿಲ್ಲ. ಇದು ಸಣ್ಣ ಮಾತಲ್ಲ. ಆದರೆ ತೆಳುಗೋಡೆಯಲ್ಲಿ ಗೂಡಿಲ್ಲ, ಸಿಮೆಂಟಿಗೆ ಗೂಟ ಹೊಡೆಯಲಾಗದು, ದನಕ್ಕೆ ನೆಲೆಯಿಲ್ಲ, ಕಾಳಿನ ಚೀಲಕ್ಕೆ ಅಂಕಣವಿಲ್ಲ. ಬಡಗಿ ಒಮ್ಮೆ ಮಾಡಿಟ್ಟಿದ್ದ ಜೋಡಣೆಯನ್ನು ಈಗ ಮನೆಯೊಡತಿ ದಿನದಿನವೂ ಮಾಡಬೇಕು.

ಪ್ರಕೃತ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ಗಡಿಶಾಲೆಯಲ್ಲೂ ಮೇಲಿನ ತರಗತಿಯ ಮಕ್ಕಳಿಂದ ಅಜ್ಜಿಯ ಮನೆಯ ನೆಲನಕ್ಷೆಯನ್ನು ಬರೆಯಿಸಬೇಕು. ಅಳತೆ ಅಂಕಣದ ಲೆಕ್ಕದಲ್ಲಿರಲಿ. ಪ್ರತಿ ಗೂಡಿಗೆ, ಗೂಟಕ್ಕೆ, ಕಟ್ಟೆಗೆ ಅಜ್ಜಿ ಹೇಳುವ ಹೆಸರನ್ನೇ, ಅದು ಕನ್ನಡವಾಗಲಿ ಮರಾಠಿಯಾಗಲಿ ತುಳುವಾಗಲಿ, ತಿದ್ದದೆ ಬರೆಯಬೇಕು. ಅಜ್ಜ ಎಲ್ಲಿ ಕೂಡುತ್ತಿದ್ದ, ಆಕೆ ಎಲ್ಲಿ ಕೂಡುತ್ತಿದ್ದಳು, ಯಾರು ಹೊರಗೆ ನಿಲ್ಲುತ್ತಿದ್ದರು ಎಂದು ಗುರುತು ಹಾಕಿಸಬೇಕು. ಹೊರಗೆ ನಿಂತವರ ಮೊಮ್ಮಕ್ಕಳೂ ಅದೇ ತರಗತಿಯಲ್ಲಿರುತ್ತಾರೆ. ಅವರ ಅಜ್ಜಿಯ ಮನೆಯ ನಕ್ಷೆ, ಒಂದೇ ಅಂಕಣದ್ದಾದರೂ, ಇದೇ ಕಟ್ಟಿನಲ್ಲಿ ಸೇರಬೇಕು.