ಭೋಗಭೂಮಿಯ ಅಳಿವು, ಅರಸುತನದ ಹುಟ್ಟು: ಆದಿಪುರಾಣದ ರಾಜ್ಯಚಿಂತನೆ

ಥಾಮಸ್ ಮೋರ್‌ನ ಲ್ಯಾಟಿನ್ ಕೃತಿ ‘ಯುಟೋಪಿಯ’ 1516ರಲ್ಲಿ ಪ್ರಕಟವಾಯಿತು. ಆ ಬಳಿಕ ಸಾಹಿತ್ಯದಲ್ಲಿ ಬರುವ ಆದರ್ಶಲೋಕಗಳನ್ನೆಲ್ಲ ಅದರ ಅಳತೆಗೋಲಿನಿಂದಲೇ ಅಳೆಯುವ ವಾಡಿಕೆ ಬೆಳೆದಿದೆ. ಮೋರ್‌ನ ದ್ವೀಪದಲ್ಲಿ ದಿನಕ್ಕೆ ಆರು ಗಂಟೆಯ ದುಡಿಮೆ, ಮನೆಗಳಿಗೆ ಬೀಗವಿಲ್ಲ, ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸಬೇಕು, ಪರವೂರಿಗೆ ಹೋಗಲು ಅಪ್ಪಣೆಪತ್ರ ಬೇಕು. ಸುಖವೆಂಬುದು ಅಲ್ಲಿ ಕಟ್ಟಳೆಯ ಫಲ. ಇದೇ ಅಳತೆಗೋಲನ್ನು ಜೈನಪುರಾಣಗಳ ಭೋಗಭೂಮಿಗೆ ಹಿಡಿದರೆ ಕೈಗೆ ಏನೂ ಸಿಕ್ಕುವುದಿಲ್ಲ. ಅಲ್ಲಿ ಕಾನೂನಿಲ್ಲ, ಅರಸನಿಲ್ಲ, ದುಡಿಮೆಯೂ ಇಲ್ಲ. ಹಾಗಾಗಿ ಅದೊಂದು ಅಲಂಕೃತ ವರ್ಣನೆ ಎಂದು ಸಾಹಿತ್ಯದ ವಿದ್ಯಾರ್ಥಿಗಳು ಆ ಭಾಗವನ್ನು ದಾಟಿಬಿಡುವುದುಂಟು. ಆದರೆ ಅಲ್ಲಿಯ ರಾಜ್ಯಚಿಂತನೆ ಇರುವುದು ಸುಖದ ವರ್ಣನೆಯಲ್ಲಲ್ಲ, ಆ ಸುಖ ಅಳಿಯುವ ಕ್ರಮದಲ್ಲಿ.

ರಾಷ್ಟ್ರಕೂಟ ಅಮೋಘವರ್ಷನ ಕಾಲದವನಾದ ಜಿನಸೇನಾಚಾರ್ಯನು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ಆದಿಪುರಾಣ ಈ ಕ್ರಮವನ್ನು ಅಚ್ಚರಿ ಎನಿಸುವಷ್ಟು ವಿವರವಾಗಿ ನಿರೂಪಿಸುತ್ತದೆ. 941ರಲ್ಲಿ ಕನ್ನಡದ ಆದಿಪುರಾಣವನ್ನು ಮುಗಿಸಿದ ಪಂಪನಿಗೆ ಆಕರವಾದದ್ದೂ ಇದೇ ಕೃತಿ.

ಭೋಗಭೂಮಿಯಲ್ಲಿ ಊಟ, ಉಡುಗೆ, ಒಡವೆ, ಮನೆ, ಬೆಳಕು ಎಲ್ಲವನ್ನೂ ಹತ್ತು ಬಗೆಯ ಕಲ್ಪವೃಕ್ಷಗಳೇ ಕೊಡುತ್ತವೆ. ಜನ ಅವಳಿಗಳಾಗಿ ಹುಟ್ಟುತ್ತಾರೆ. ಮಕ್ಕಳು ಹುಟ್ಟಿದೊಡನೆ ತಾಯಿತಂದೆ ಅವುಗಳ ಮುಖ ಕಾಣದೆಯೇ ಸಾಯುತ್ತಾರೆ. ಕಾಲ ಇಳಿಮುಖವಾದಂತೆ ಮೊದಲು ಮಂಕಾಗುವುದು ಬೆಳಕು ಕೊಡುವ ಜ್ಯೋತಿರಂಗ ವೃಕ್ಷ. ಅದುವರೆಗೆ ಕಾಣದಿದ್ದ ಸೂರ್ಯಚಂದ್ರರು ಆಗಸದಲ್ಲಿ ಕಂಡು ಜನ ಬೆದರುತ್ತಾರೆ. ಮೊದಲ ಕುಲಕರ ಪ್ರತಿಶ್ರುತಿ ಅವರ ಭಯವನ್ನು ಹೋಗಲಾಡಿಸುತ್ತಾನೆ. ಮುಂದೆ ಸಾಧುವಾಗಿದ್ದ ಮೃಗಗಳು ಕ್ರೂರವಾಗುತ್ತವೆ. ಕೈಗೆ ಕೋಲು ಬರುತ್ತದೆ. ಮರಗಳು ವಿರಳವಾದಾಗ ಜನರ ನಡುವೆ ಕಲಹ ಹುಟ್ಟುತ್ತದೆ. ಐದನೆಯ ಕುಲಕರ ಮರಗಳಿಗೆ ಮಾತಿನಲ್ಲೇ ಎಲ್ಲೆ ಹಾಕುತ್ತಾನೆ, ಅವನ ಹೆಸರೇ ಸೀಮಂಕರ. ಆ ಮಾತು ಸಾಲದೆ ಹೋದಾಗ ಆರನೆಯವನಾದ ಸೀಮಂಧರ ಗಿಡಪೊದೆಗಳ ಗುರುತಿನಿಂದ ಗಡಿಯನ್ನು ಕಣ್ಣಿಗೆ ಕಾಣಿಸುತ್ತಾನೆ. ಒಡೆತನದ ಚರಿತ್ರೆಯನ್ನು ಇಷ್ಟು ಅಡಕವಾಗಿ ಹೇಳಿದ ಕಥನಗಳು ವಿರಳ.

ಆದರೂ ಇದನ್ನು ಬರಿಯ ಪತನದ ಕಥೆ ಎನ್ನಲಾಗದು. ಎಂಟನೆಯವನಾದ ಚಕ್ಷುಷ್ಮಂತನ ಕಾಲದಲ್ಲಿ ತಾಯಿತಂದೆಗಳು ಮೊದಲ ಬಾರಿಗೆ ಮಕ್ಕಳ ಮುಖ ನೋಡುತ್ತಾರೆ, ನೋಡಿ ಹೆದರುತ್ತಾರೆ. ಮುಂದಿನ ಕುಲಕರರ ಕಾಲದಲ್ಲಿ ಮಕ್ಕಳಿಗೆ ಹೆಸರಿಡುವುದು, ಚಂದ್ರನನ್ನು ತೋರಿಸಿ ಆಡಿಸುವುದು ರೂಢಿಯಾಗುತ್ತದೆ. ಕೊರತೆಯಿಲ್ಲದ ನಾಡಿನಲ್ಲಿ ವಾತ್ಸಲ್ಯಕ್ಕೂ ಎಡೆಯಿರಲಿಲ್ಲ. ಭೋಗಭೂಮಿಯಿಂದ ಮೋಕ್ಷವಿಲ್ಲ, ವ್ರತ ಸಂಯಮಗಳು ಕರ್ಮಭೂಮಿಗೆ ಮಾತ್ರ ಸಲ್ಲುತ್ತವೆ ಎಂಬ ಸಿದ್ಧಾಂತವನ್ನು ಇದರೊಂದಿಗೆ ಇಟ್ಟು ನೋಡಿದರೆ, ಜಿನಸೇನನು ಚಿತ್ರಿಸಿದ ಸುಖಲೋಕ ಮರಳಿ ಪಡೆಯಬೇಕಾದ ಗುರಿಯಲ್ಲ ಎಂಬುದು ಸ್ಪಷ್ಟವಾಗುತ್ತದೆ. ಆದರ್ಶಲೋಕವನ್ನು ಸವಿವರವಾಗಿ ಕಟ್ಟಿ, ಮನುಷ್ಯನ ಹಿರಿಮೆಯನ್ನು ಅದರ ಹೊರಗಿಟ್ಟ ವಿಚಾರ ಇದು.

ಇಲ್ಲಿ ಅಧಿಕಾರದ ಮೂಲ ಯಾವುದು? ಪಾಲಿಯ ಅಗ್ಗಞ್ಞಸುತ್ತದಲ್ಲಿ ಭತ್ತದ ಕಳವು ಆರಂಭವಾದ ಮೇಲೆ ಜನರೇ ಸೇರಿ ಒಬ್ಬನನ್ನು ಆರಿಸಿ, ಬೆಳೆಯಲ್ಲಿ ಪಾಲು ಕೊಡಲು ಒಪ್ಪುತ್ತಾರೆ, ಅವನು ಮಹಾಸಮ್ಮತ. ಕುಲಕರರನ್ನು ಯಾರೂ ಆರಿಸಿದವರಲ್ಲ. ಜಾತಿಸ್ಮರಣೆಯಿಂದಲೋ ಅವಧಿಜ್ಞಾನದಿಂದಲೋ ಅವರು ಬಲ್ಲವರು. ಅರಿವೇ ಅವರ ಅಧಿಕಾರ. ಇದು ಸೌಮ್ಯವಾಗಿ ಕಂಡರೂ ಒಪ್ಪಿಗೆಯ ಪ್ರಶ್ನೆಯನ್ನು ಬದಿಗೆ ಸರಿಸುತ್ತದೆ. ಕೊನೆಯ ಕುಲಕರ ನಾಭಿರಾಜನ ಮಗ ಋಷಭನು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸುವಾಗ ಈ ಮರೆವು ಬೆಲೆ ಕೇಳುತ್ತದೆ. ಕಸುಬುಗಳೊಂದಿಗೆ ಮೂರು ವರ್ಣಗಳೂ ಏರ್ಪಡುತ್ತವೆ. ಶೂದ್ರರಲ್ಲಿ ಸ್ಪೃಶ್ಯ, ಅಸ್ಪೃಶ್ಯ ಎಂಬ ಒಡಕು ಕಾಣಿಸುತ್ತದೆ. ಭೇದವೇ ಇಲ್ಲದ ನಾಡಿನಿಂದ ಬಂದವರ ಮೇಲೆ 9ನೆಯ ಶತಮಾನದ ಸಮಾಜವು ತನ್ನ ಮುದ್ರೆಯನ್ನು ಒತ್ತಿದೆ. ಮೋರ್‌ನ ದ್ವೀಪದಲ್ಲೂ ಪ್ರಾಣಿಗಳನ್ನು ಕೊಲ್ಲುವ ಕೆಲಸ ಗುಲಾಮರದೇ. ಹೊಲಸೆಂದು ಎಣಿಸಿದ ಕೆಲಸ ಯಾರ ಪಾಲಿಗೆ ಬಂತು ಎಂದು ಕೇಳಿದರೆ ಆದರ್ಶಲೋಕವನ್ನು ಬರೆದವನ ಕಾಲ ಹೊರಬೀಳುತ್ತದೆ.

ದಂಡನೀತಿಯ ವಿಚಾರದಲ್ಲಿ ಜಿನಸೇನ ಇನ್ನೂ ನಿಷ್ಠುರ. ಮೊದಲ ಐವರು ಕುಲಕರರಿಗೆ ‘ಹಾ’ ಎಂಬ ಒಂದು ಉದ್ಗಾರವೇ ದಂಡನೆಯಾಗಿ ಸಾಕಾಗಿತ್ತು. ಮುಂದಿನ ಐವರಿಗೆ ‘ಮಾ’ ಎಂಬ ನಿಷೇಧವೂ ಬೇಕಾಯಿತು, ಆ ಬಳಿಕದವರಿಗೆ ‘ಧಿಕ್’ ಎಂಬ ಧಿಕ್ಕಾರವೂ ಬೇಕಾಯಿತು. ಮೂರೂ ಬರಿಯ ಮಾತು. ತಪ್ಪಿತಸ್ಥನಲ್ಲಿ ನಾಚಿಕೆ ಉಳಿದಿರುವವರೆಗೆ ಮಾತ್ರ ನಡೆಯುವ ಶಿಕ್ಷೆ. ದಂಡವಿಲ್ಲದೆ ಹೋದರೆ ಮತ್ಸ್ಯನ್ಯಾಯ ಬರುತ್ತದೆಂದು ಕೃತಿ ರಾಜತ್ವವನ್ನು ಸಮರ್ಥಿಸುತ್ತದೆ, ಹಸುವನ್ನು ನೋಯಿಸದೆ ಹಾಲು ಕರೆಯುವಂತೆ ತೆರಿಗೆ ಎತ್ತಬೇಕೆಂದೂ ಹೇಳುತ್ತದೆ. ಆದರೆ ವಧೆ, ಬಂಧನ ಮೊದಲಾದ ದೇಹದಂಡನೆಯನ್ನು ಜಾರಿಗೆ ತಂದವನು ಭರತ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ದಂಡ ಮಾತಿನಿಂದ ಮೈಗೆ ಇಳಿದದ್ದು ಷಟ್ಖಂಡವನ್ನು ಗೆದ್ದ ಮೊದಲ ಚಕ್ರವರ್ತಿಯ ಆಳ್ವಿಕೆಯಲ್ಲಿ. ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಸೋತ ಮೇಲೆ ಸ್ವಂತ ತಮ್ಮ ಬಾಹುಬಲಿಯ ಮೇಲೆ ಚಕ್ರವನ್ನು ಪ್ರಯೋಗಿಸಿದವನೂ ಅವನೇ. ಆ ಚಕ್ರ ಬಾಹುಬಲಿಗೆ ಬಲವಂದು ನಿಂತಿತು. ಗೆದ್ದವನು ರಾಜ್ಯವನ್ನು ಬಿಟ್ಟು ಕಾಡಿಗೆ ನಡೆದನು.