ಮೊದಲು ತಮ್ಮ ತೋಳನ್ನೇ ಒಡ್ಡಿದವರು



ನೀರಿನ ತೊಟ್ಟಿಯನ್ನು ಮುಚ್ಚಿಡಿ, ವಾರಕ್ಕೊಮ್ಮೆ ತೊಳೆದು ಒಣಗಿಸಿ ಎಂದು ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಹೇಳುವುದನ್ನು ನೀವು ಕೇಳಿರುತ್ತೀರಿ. ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆಯ ಕುರಿತಾದ ಈ ಎಚ್ಚರಿಕೆಯ ಹಿಂದೆ ಒಂದು ತ್ಯಾಗದ ಚರಿತ್ರೆಯಿದೆ. ನಮ್ಮ ನಾಡಿನಲ್ಲಿ ನೆಲೆಯೂರದ ಹಳದಿ ಜ್ವರವನ್ನು ಹರಡುವುದೂ ಇದೇ ಸೊಳ್ಳೆ.

1898ರಲ್ಲಿ ಸ್ಪೇನ್‌ನೊಡನೆ ನಡೆದ ಯುದ್ಧದ ತರುವಾಯ ಅಮೆರಿಕದ ಸೇನೆ ಕ್ಯೂಬಾದಲ್ಲಿ ಬೀಡುಬಿಟ್ಟಿತ್ತು. ಆ ಯುದ್ಧದಲ್ಲಿ ಗುಂಡಿಗೆ ಬಲಿಯಾದ ಅಮೆರಿಕನ್ ಸೈನಿಕರಿಗಿಂತ ಕಾಯಿಲೆಗಳಿಗೆ ಬಲಿಯಾದವರೇ ಹೆಚ್ಚು. ಅವುಗಳಲ್ಲಿ ಅತ್ಯಂತ ಭೀತಿ ಹುಟ್ಟಿಸಿದ್ದು ಹಳದಿ ಜ್ವರ. ಮೈ ಹಳದಿಗಟ್ಟಿ, ಕಪ್ಪು ವಾಂತಿಯಾಗಿ ರೋಗಿ ಸಾಯುತ್ತಿದ್ದ. ರೋಗಿಯ ಬಟ್ಟೆ, ಹಾಸಿಗೆಗಳಿಂದ ಅದು ಹರಡುತ್ತದೆಂದು ಜನ ನಂಬಿದ್ದರು. ಸೊಳ್ಳೆಯೇ ಕಾರಣವೆಂದು ಹವಾನಾದ ವೈದ್ಯ ಕಾರ್ಲೋಸ್ ಫಿನ್ಲೆ 1881ರಲ್ಲೇ ಪ್ರತಿಪಾದಿಸಿದ್ದರೂ, ಸುಮಾರು ಎರಡು ದಶಕ ಅವರ ಮಾತಿಗೆ ಮನ್ನಣೆ ದೊರೆಯಲಿಲ್ಲ.

1900ರಲ್ಲಿ ಸೇನೆಯು ವಾಲ್ಟರ್ ರೀಡ್, ಜೇಮ್ಸ್ ಕ್ಯಾರೊಲ್, ಜೆಸ್ಸಿ ಲಜೀರ್, ಅರಿಸ್ಟಿಡೆಸ್ ಅಗ್ರಮೊಂಟೆ ಎಂಬ ನಾಲ್ವರು ವೈದ್ಯರ ಆಯೋಗವನ್ನು ಕಳುಹಿಸಿತು. ಫಿನ್ಲೆ ತಾವು ಕಾಪಿಟ್ಟಿದ್ದ ಸೊಳ್ಳೆಯ ಮೊಟ್ಟೆಗಳನ್ನು ಅವರಿಗೆ ಉದಾರವಾಗಿ ಕೊಟ್ಟರು. ಪರೀಕ್ಷಿಸಲು ಮನುಷ್ಯನ ದೇಹವೇ ಬೇಕಿತ್ತು. ಯಾರ ದೇಹ? ಆಗಸ್ಟ್ 27ರಂದು ಕ್ಯಾರೊಲ್ ತಮ್ಮ ತೋಳನ್ನೇ ಸೊಳ್ಳೆಗೆ ಒಡ್ಡಿದರು. ತೀವ್ರ ಜ್ವರಕ್ಕೆ ತುತ್ತಾಗಿ ಸಾವಿನ ದವಡೆಯಿಂದ ಪಾರಾದರು. ಸೆಪ್ಟೆಂಬರ್‌ನಲ್ಲಿ ಲಜೀರ್‌ಗೂ ರೋಗ ತಗುಲಿತು. 25ರಂದು, ತಮ್ಮ 34ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆಗಷ್ಟೇ ಜನಿಸಿದ್ದ ಎರಡನೆಯ ಮಗುವಿನ ಮುಖವನ್ನು ಅವರು ಕಾಣಲೇ ಇಲ್ಲ.

ಆ ನವೆಂಬರ್‌ನಲ್ಲಿ ರೀಡ್ ಸ್ಥಾಪಿಸಿದ ಪ್ರಯೋಗ ಶಿಬಿರಕ್ಕೆ ಲಜೀರ್ ಅವರ ಹೆಸರನ್ನೇ ಇಟ್ಟರು. ಅಲ್ಲಿ ಎರಡು ಮನೆಗಳು. ಒಂದರಲ್ಲಿ ಒಬ್ಬ ವೈದ್ಯರೂ ಇಬ್ಬರು ಸೈನಿಕರೂ ರೋಗಿಗಳ ವಾಂತಿ ಮೆತ್ತಿದ ಹಾಸಿಗೆಗಳಲ್ಲಿ 20 ರಾತ್ರಿ ಮಲಗಿದರು. ಯಾರಿಗೂ ಜ್ವರ ಬರಲಿಲ್ಲ. ಇನ್ನೊಂದು ಶುಚಿಯಾದ ಮನೆ, ನಡುವೆ ತಂತಿಯ ಜಾಲರಿ. ಸೋಂಕಿನ ಸೊಳ್ಳೆಗಳಿದ್ದ ಭಾಗಕ್ಕೆ ಜಾನ್ ಮೊರಾನ್ ಎಂಬ ಯುವಕ ಹೋದ. ಕ್ರಿಸ್ಮಸ್ ಹಬ್ಬದಂದೇ ಅವನಿಗೆ ಜ್ವರ ಬಂತು. ಜಾಲರಿಯ ಆಚೆ ಅದೇ ಗಾಳಿಯನ್ನು ಉಸಿರಾಡಿದವರು ಕ್ಷೇಮವಾಗಿದ್ದರು. ಮೊರಾನ್ ಗುಣಮುಖನಾದ, ಅವನೂ ಸೈನಿಕ ಜಾನ್ ಕಿಸಿಂಜರ್‌ನೂ ತಮಗೆ ಹಣ ಬೇಡವೆಂದಿದ್ದರು.

ಸ್ಪೇನ್‌ನಿಂದ ವಲಸೆ ಬಂದವರೂ ಪ್ರಯೋಗಕ್ಕೆ ಒಳಗಾದರು. ಅಪಾಯವನ್ನು ಅವರ ಭಾಷೆಯಲ್ಲೇ ತಿಳಿಸಿ ಲಿಖಿತ ಒಪ್ಪಿಗೆ ಪಡೆಯಲಾಯಿತು. 100 ಡಾಲರ್, ಕಾಯಿಲೆ ಬಿದ್ದರೆ ಇನ್ನೂ 100 ಡಾಲರ್ ಸಂಭಾವನೆ. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೂ ಬಡವನ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವತಂತ್ರ? ಈ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ. 1901ರಲ್ಲಿ ಹವಾನಾದಲ್ಲಿ ನಡೆದ ಬೇರೊಂದು ಪ್ರಯೋಗದಲ್ಲಿ ಕ್ಲಾರಾ ಮಾಸ್ ಎಂಬ 25ರ ಹರೆಯದ ದಾದಿ ಪ್ರಾಣ ತೆತ್ತಳು.

ಅದೇ ವರ್ಷ ಸೇನಾ ವೈದ್ಯ ವಿಲಿಯಂ ಗೋರ್ಗಾಸ್ ಅವರ ನೇತೃತ್ವದಲ್ಲಿ ಹವಾನಾದ ನೀರಿನ ತೊಟ್ಟಿಗಳನ್ನು ಮುಚ್ಚಿಸಲಾಯಿತು, ನಿಂತ ನೀರಿಗೆ ಎಣ್ಣೆ ಸುರಿಯಲಾಯಿತು, ರೋಗಿಗಳನ್ನು ಜಾಲರಿಯೊಳಗೆ ಇರಿಸಲಾಯಿತು. ಕೆಲವೇ ತಿಂಗಳಲ್ಲಿ ನಗರವು ಆ ಜ್ವರದಿಂದ ಬಿಡುಗಡೆ ಹೊಂದಿತು.

ಪ್ರಿಯರೇ, ಪರರ ಒಳಿತಿಗಾಗಿ ಅಪಾಯವನ್ನು ಎದುರಿಸಬೇಕಾದಾಗ ಅದನ್ನು ಮೊದಲು ಯಾರ ಹೆಗಲಿಗೆ ಹೊರಿಸುತ್ತೇವೆ? ಕ್ಯಾರೊಲ್ ಮತ್ತು ಲಜೀರ್ ತಮ್ಮ ಹೆಗಲನ್ನೇ ಕೊಟ್ಟರು. ನಮ್ಮಿಂದ ಇಂದು ಅಂಥ ಬಲಿದಾನವನ್ನು ಯಾರೂ ಕೇಳುತ್ತಿಲ್ಲ. ನೆರೆಮನೆಯ ಮಗುವಿಗಾಗಿ ನಮ್ಮಂಗಳದ ತೊಟ್ಟಿಯನ್ನು ತೊಳೆಯುವಷ್ಟು ಕಾಳಜಿಯನ್ನು ಮಾತ್ರ ಕೇಳುತ್ತಿದ್ದಾರೆ.