ಮೆರ್ವ್: ಕಟ್ಟೆಯೊಡೆದ ಊರು

ಇಂದಿನ ತುರ್ಕ್‌ಮೆನಿಸ್ತಾನದಲ್ಲಿ, ಕರಕುಮ್ ಮರುಭೂಮಿಯ ಅಂಚಿನಲ್ಲಿ ಪ್ರಾಚೀನ ಮೆರ್ವ್ ನಗರದ ಅವಶೇಷಗಳಿವೆ. ನಮ್ಮ ಹಳೆಯ ಪಟ್ಟಣಗಳು ಸಾಮಾನ್ಯವಾಗಿ ಒಂದರ ಮೇಲೊಂದು ಬೆಳೆದವು. ಮೆರ್ವ್ ಮಾತ್ರ ಪಕ್ಕಕ್ಕೆ ಸರಿಯುತ್ತ ಬೆಳೆಯಿತು. ಆದ್ದರಿಂದಲೇ ಅದರ ಬೇರೆ ಬೇರೆ ಯುಗಗಳ ಕೋಟೆಗಳು ಅಕ್ಕಪಕ್ಕದಲ್ಲಿ ಉಳಿದುಕೊಂಡಿವೆ. ಅತ್ಯಂತ ಹಳೆಯದು ಪರ್ಷಿಯದ ಅಖಾಮೆನಿದ್ ಕಾಲದ ಎರ್ಕ್ ಗಲಾ. ಅದನ್ನು ಒಳಗಿಟ್ಟುಕೊಂಡು ಗ್ರೀಕ್ ಅರಸ ಒಂದನೆಯ ಆಂಟಿಯೋಕಸ್ ಕ್ರಿ.ಪೂ. 3ನೆಯ ಶತಮಾನದಲ್ಲಿ ಕಟ್ಟಿಸಿದ್ದು ಗ್ಯಾವುರ್ ಗಲಾ. ಅದರ ಪಶ್ಚಿಮಕ್ಕೆ ಸೆಲ್ಜುಕರ ಸುಲ್ತಾನ್ ಗಲಾ. 'ಗಲಾ' ಎಂಬುದು ನಾವು 'ಕಿಲ್ಲೆ' ಎನ್ನುವ ಪದದ ಸೋದರ.

ಈ ಪ್ರದೇಶದಲ್ಲಿ ಬೌದ್ಧಸ್ತೂಪದ ಅವಶೇಷವಿದೆ. ಮಣ್ಣಿನ ಗಡಿಗೆಯೊಳಗೆ ಭೂರ್ಜಪತ್ರದ ಸಂಸ್ಕೃತ ಹಸ್ತಪ್ರತಿಯೂ ದೊರೆತಿದೆ. ಭಾರತದ ವಿಚಾರಗಳು ಪಶ್ಚಿಮದತ್ತ ಅಷ್ಟು ದೂರ ನಡೆದಿದ್ದವು. 12ನೆಯ ಶತಮಾನದಲ್ಲಿ ಸುಲ್ತಾನ್ ಸಂಜರನ ರಾಜಧಾನಿಯಾಗಿ ಮೆರ್ವ್ ತನ್ನ ಔನ್ನತ್ಯವನ್ನು ಕಂಡಿತು. ಮುಂದೆ ಅಲ್ಲಿ ನೆಲೆಸಿದ್ದ ಭೂಗೋಳಕಾರ ಯಾಕೂತ್, ನಗರದ ಹತ್ತು ಗ್ರಂಥಾಲಯಗಳನ್ನು ನೆನೆಯುತ್ತಾನೆ. ತನ್ನ ಮನೆಯಲ್ಲಿ ಸದಾ ಇನ್ನೂರು ಎರವಲು ಗ್ರಂಥಗಳಿರುತ್ತಿದ್ದವೆಂದೂ ಅವುಗಳಲ್ಲಿ ಹೆಚ್ಚಿನವಕ್ಕೆ ಯಾರೂ ಅಡವು ಕೇಳುತ್ತಿರಲಿಲ್ಲವೆಂದೂ ಬರೆದಿದ್ದಾನೆ. ಮಂಗೋಲರ ಭೀತಿಯಿಂದ ಅವನು ಆ ಪುಸ್ತಕಗಳನ್ನು ಬಿಟ್ಟು ಹೊರಟ.

1221ರಲ್ಲಿ ಚೆಂಗೀಸ್ ಖಾನನ ಮಗ ತೊಲುಯಿ ನಗರವನ್ನು ನಾಶಮಾಡಿದ. ಸತ್ತವರು ಹದಿಮೂರು ಲಕ್ಷವೆಂದು ಪರ್ಷಿಯನ್ ಇತಿಹಾಸಕಾರ ಜುವೈನಿ ಬರೆಯುತ್ತಾನೆ. ಈ ಸಂಖ್ಯೆ ಉತ್ಪ್ರೇಕ್ಷೆಯೇ ಇರಬೇಕು. ಆದರೆ ಸಂಖ್ಯೆಯ ಚರ್ಚೆಯಲ್ಲಿ ಮತ್ತೊಂದು ಪ್ರಶ್ನೆ ಮರೆಯಾಗುತ್ತದೆ. ಅದೇ ಸೈನ್ಯಗಳು ತುಳಿದ ಬುಖಾರಾ, ಸಮರ್ಕಂದಗಳು ಮತ್ತೆ ಮಹಾನಗರಗಳಾದವು. ಮೆರ್ವ್ ಏಕೆ ಆಗಲಿಲ್ಲ?

ಉತ್ತರ ನೀರಿನಲ್ಲಿದೆ. ಮುರ್ಗಾಬ್ ನದಿ ಆಫ್ಘನ್ ಬೆಟ್ಟಗಳಿಂದ ಇಳಿದು, ಸಮುದ್ರ ಸೇರದೆ ಮರಳಿನಲ್ಲಿ ಇಂಗಿಹೋಗುತ್ತದೆ. ಆ ನೀರನ್ನು ಕಟ್ಟೆಯಲ್ಲಿ ತಡೆದು, ಕಾಲುವೆಗಳಲ್ಲಿ ಹಂಚಿದರೆ ಮಾತ್ರ ಮೆರ್ವ್ ಬದುಕುತ್ತಿತ್ತು. ಕಟ್ಟೆಯ ಮೇಲ್ವಿಚಾರಣೆಗೆ ಪ್ರತ್ಯೇಕ ಅಧಿಕಾರಿಯಿದ್ದನೆಂದೂ ಅವನ ಕೈಕೆಳಗೆ ಹತ್ತು ಸಾವಿರ ಜನ ದುಡಿಯುತ್ತಿದ್ದರೆಂದೂ 10ನೆಯ ಶತಮಾನದ ಅರಬ್ ಭೂಗೋಳಕಾರರು ದಾಖಲಿಸಿದ್ದಾರೆ. ನೀರನ್ನು ಬಾರ್ಲಿ ಕಾಳಿನ ಅಳತೆಯಲ್ಲಿ ಅಳೆಯುತ್ತಿದ್ದರು. ಅರವತ್ತು ಕಾಳಿನಷ್ಟು ಏರಿದರೆ ಸುಭಿಕ್ಷ, ಆರೇ ಆದರೆ ಬರ.

ಮಂಗೋಲರ ದಾಳಿಯಲ್ಲಿ ಈ ಕಟ್ಟೆಗಳೂ ಹಾಳಾದವು. ತೈಮೂರನ ಮಗ ಶಾರೂಖ್ 1409ರ ಸುಮಾರಿಗೆ ನೀರಾವರಿಯನ್ನು ಪುನಃ ಏರ್ಪಡಿಸಿದ. ಅದರ ಬಲದಿಂದ ಹಳೆಯ ನಗರದ ದಕ್ಷಿಣಕ್ಕೆ ಒಂದು ಚಿಕ್ಕ ಊರು ತಲೆಯೆತ್ತಿತು. 18ನೆಯ ಶತಮಾನದ ಕೊನೆಯಲ್ಲಿ ಬುಖಾರಾದ ಅಮೀರ ಶಾ ಮುರಾದ್ ಮತ್ತೆ ಕಟ್ಟೆಯನ್ನು ಒಡೆಸಿದ. ಉಳಿದಿದ್ದ ಜನವೂ ಚದುರಿತು.

ಇಂದು ಸಂಜರನ ಇಟ್ಟಿಗೆಯ ಸಮಾಧಿಮಂದಿರ ಆ ಬಯಲಿನಲ್ಲಿ ಎದ್ದುಕಾಣುತ್ತದೆ. 1999ರಲ್ಲಿ ಯುನೆಸ್ಕೋ ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದಾಳಿಕಾರರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ, ಸುಲ್ತಾನನ ಹೆಸರೂ ಉಳಿದಿದೆ. ವರ್ಷವರ್ಷವೂ ಹೂಳೆತ್ತಿ, ಬಿರುಕು ಮುಚ್ಚಿ, ಕಾಳಿನಳತೆಯಲ್ಲಿ ನೀರಿನ ಲೆಕ್ಕವಿಟ್ಟು ಆ ನಗರವನ್ನು ಶತಮಾನಗಳ ಕಾಲ ಬದುಕಿಸಿದ ಹತ್ತು ಸಾವಿರ ಮಂದಿಯಲ್ಲಿ ಒಬ್ಬನ ಹೆಸರನ್ನೂ ನಾವು ಕೇಳಿಲ್ಲ.